ಆಟದ ಹವ್ಯಾಸ ಗೀಳಾಗುವುದು ಯಾವಾಗ?

ರಾತ್ರಿ ಒಂಬತ್ತು ಗಂಟೆ. ತಟ್ಟೆ ಹಾಕಿ ಮಗನನ್ನು ಊಟಕ್ಕೆ ಕರೆಯುತ್ತೀರಿ. ಕೋಣೆಯೊಳಗಿಂದ ಉತ್ತರ ಬರುತ್ತದೆ: “ಐದೇ ನಿಮಿಷ ಅಮ್ಮಾ, ಈ ಮ್ಯಾಚ್ ಮುಗಿಸಿ ಬಂದೆ.” ಐದು ನಿಮಿಷ ಇಪ್ಪತ್ತಾಗುತ್ತದೆ, ಸಾರು ಆರುತ್ತದೆ. ಎರಡನೆಯ ಸಲ ಕರೆದರೆ ಉತ್ತರವೇ ಇಲ್ಲ. ಮೂರನೆಯ ಸಲ ಅಪ್ಪ ಎದ್ದು ಹೋಗಿ ಫೋನ್ ಕಿತ್ತುಕೊಳ್ಳುತ್ತಾರೆ. ಮಗ ಬಾಗಿಲು ಬಡಿದು ಮಲಗುತ್ತಾನೆ. ಯಾರಿಗೂ ಊಟ ರುಚಿಸುವುದಿಲ್ಲ.

ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿರುವುದು ಇದೇ. ವೀಡಿಯೊ ಗೇಮ್ ಎಂದರೆ ಹಾಳು ಚಟ ಎಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಇನ್ನು ಕೆಲವರು ‘ಈ ಕಾಲದ ಮಕ್ಕಳೇ ಹಾಗೆ’ ಎಂದು ಕೈಬಿಡುತ್ತಾರೆ. ಎರಡೂ ಸರಿಯಲ್ಲ. ಹವ್ಯಾಸ ಯಾವುದು, ಕಾಯಿಲೆ ಯಾವುದು ಎಂಬುದನ್ನು ತಿಳಿದುಕೊಂಡರೆ ಮನೆಯ ಜಗಳಗಳು ಅರ್ಧ ಕಡಿಮೆಯಾಗುತ್ತವೆ. ನಿಜವಾಗಿ ಚಿಕಿತ್ಸೆ ಬೇಕಾದ ಮಗುವಿಗೆ ಸಕಾಲದಲ್ಲಿ ನೆರವೂ ಸಿಗುತ್ತದೆ.

ಆಟ ಮನುಷ್ಯನ ಸಹಜ ಗುಣ

ಚೌಕಾಬಾರ, ಅಳಗುಳಿಮಣೆ, ಪಗಡೆ, ಚದುರಂಗ ಆಡುತ್ತಾ ಬೆಳೆದ ನಾಡು ನಮ್ಮದು. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯ ಜಗಲಿಯಲ್ಲಿ ಹೊತ್ತು ಹೋಗುವುದು ತಿಳಿಯದಂತೆ ಕವಡೆ ಎಸೆದವರು ಇಂದಿನ ತಂದೆತಾಯಂದಿರಲ್ಲೂ ಇದ್ದಾರೆ. ವೀಡಿಯೊ ಗೇಮ್ ಕೂಡ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿ ಸಂದರ್ಶಕರ ಮನರಂಜನೆಗಾಗಿ ಪುಟ್ಟ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ರೂಪಿಸಿದರು. 1972ರಲ್ಲಿ ‘ಪಾಂಗ್’ ಬಂತು. 1984ರಲ್ಲಿ ಮಾಸ್ಕೋದಲ್ಲಿ ‘ಟೆಟ್ರಿಸ್’ ಹುಟ್ಟಿತು. ಅಂದು ಟಿ.ವಿ.ಗೆ ಪೆಟ್ಟಿಗೆ ಜೋಡಿಸಿ ಆಡುತ್ತಿದ್ದ ಆಟ ಇಂದು ಅಂಗೈಗೆ ಬಂದಿದೆ.

ಮಿತಿಯಲ್ಲಿದ್ದರೆ ಈ ಹವ್ಯಾಸದಿಂದ ಪ್ರಯೋಜನವೂ ಇದೆ. ಕಣ್ಣು ಮತ್ತು ಕೈಗಳ ಹೊಂದಾಣಿಕೆ, ಯೋಜನೆ ಮಾಡುವುದು, ತಂಡವಾಗಿ ಆಡುವುದು, ಸೋತು ಮತ್ತೆ ಪ್ರಯತ್ನಿಸುವುದು ಇವೆಲ್ಲ ಆಟದಲ್ಲಿವೆ. ಶಾಲೆಯಲ್ಲಿ ಹೆಚ್ಚು ಮಾತನಾಡದ ಸಂಕೋಚದ ಹುಡುಗನಿಗೆ ಗೇಮ್ ತಂಡದಲ್ಲಿ ನಾಲ್ವರು ಗೆಳೆಯರು ಸಿಕ್ಕಿರಬಹುದು. ಮುಖ ನೋಡದಿದ್ದರೂ ಆ ಸ್ನೇಹ ಅವನಿಗೆ ನಿಜವಾದದ್ದೇ. ಇದನ್ನು ಅರಿಯದೆ ‘ಕೆಲಸಕ್ಕೆ ಬಾರದ ಆಟ’ ಎಂದು ಜರೆದರೆ, ಮುಂದೆ ನೀವು ಹೇಳುವ ಒಳ್ಳೆಯ ಮಾತನ್ನೂ ಅವನು ಕೇಳುವುದಿಲ್ಲ.

ನಿಲ್ಲಿಸುವುದು ಕಷ್ಟವೇಕೆ?

ಇದಕ್ಕೆ ಮಗುವಿನ ಹಟವೊಂದೇ ಕಾರಣವಲ್ಲ. ಆಟದ ರಚನೆಯೇ ಹಾಗಿರುತ್ತದೆ.

ಮೊದಲನೆಯದು, ಅನಿಶ್ಚಿತ ಬಹುಮಾನ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಒಂದು ಅಂಶ ಕಂಡುಕೊಂಡರು. ಪ್ರತಿ ಸಲವೂ ಕಾಳು ಸಿಗುವುದಕ್ಕಿಂತ, ಯಾವಾಗ ಸಿಗುತ್ತದೆಂದು ತಿಳಿಯದಿದ್ದಾಗ ಪ್ರಾಣಿ ಪಟ್ಟುಬಿಡದೆ ಗುಂಡಿ ಒತ್ತುತ್ತಿತ್ತು. ಗೇಮ್‌ಗಳಲ್ಲಿನ ‘ಅದೃಷ್ಟದ ಪೆಟ್ಟಿಗೆ’ಗಳು ಕೆಲಸ ಮಾಡುವುದು ಇದೇ ತತ್ವದ ಮೇಲೆ. ಇಂಥ ಪೆಟ್ಟಿಗೆಗಳನ್ನು ದುಡ್ಡಿಗೆ ಮಾರುವುದು ಜೂಜಿಗೆ ಸಮ ಎಂದು ಬೆಲ್ಜಿಯಂ ದೇಶ 2018ರಲ್ಲಿ ತೀರ್ಮಾನಿಸಿತು.

ಎರಡನೆಯದು, ಮಿದುಳಿನ ರಾಸಾಯನಿಕ. ಆಟವಾಡುವಾಗ ಮಿದುಳಿನಲ್ಲಿ ಡೋಪಮಿನ್ ಎಂಬ ವಸ್ತು ಹೆಚ್ಚು ಬಿಡುಗಡೆಯಾಗುತ್ತದೆಂದು 1998ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದರು. ಇದರಿಂದ ಗಾಬರಿಯಾಗಬೇಕಿಲ್ಲ. ರುಚಿಯಾದ ಊಟ ಮಾಡಿದಾಗಲೂ, ಇಷ್ಟವಾದ ಹಾಡು ಕೇಳಿದಾಗಲೂ ಡೋಪಮಿನ್ ಹೆಚ್ಚುತ್ತದೆ. ಆದರೆ ಆಟದಲ್ಲಿ ಅದು ಬೇಕೆಂದಾಗಲೆಲ್ಲ ಬೆರಳ ತುದಿಯಲ್ಲಿ ಸಿಗುತ್ತದೆ ಎಂಬುದೇ ವ್ಯತ್ಯಾಸ.

ಮೂರನೆಯದು ತಂದೆತಾಯಂದಿರಿಗೆ ಬಹುಮಟ್ಟಿಗೆ ಗೊತ್ತಿಲ್ಲದ ಸಂಗತಿ. ಹಲವರು ಕೂಡಿ ಆಡುವ ಆಟಗಳನ್ನು ಮಧ್ಯದಲ್ಲಿ ತಡೆದು ನಿಲ್ಲಿಸಲು ಬರುವುದಿಲ್ಲ. ಒಬ್ಬ ಎದ್ದು ಹೋದರೆ ಇಡೀ ತಂಡ ಸೋಲಬಹುದು. ಕಬಡ್ಡಿ ಪಂದ್ಯದ ನಡುವೆ ಆಟಗಾರನನ್ನು ರಟ್ಟೆ ಹಿಡಿದು ಎಳೆದೊಯ್ದರೆ ಅವನಿಗೆ ಹೇಗಾಗುತ್ತದೋ, ಇಲ್ಲೂ ಹಾಗೆಯೇ ಆಗುತ್ತದೆ.

ಕಾಯಿಲೆ ಎನ್ನುವುದು ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಅಥವಾ ಆಟದ ಗೀಳನ್ನು ಸೇರಿಸಿದೆ. ಈ ಪಟ್ಟಿಯನ್ನು 2019ರ ಮೇ ತಿಂಗಳಲ್ಲಿ ಅಂಗೀಕರಿಸಲಾಯಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಮುಖ್ಯ ಲಕ್ಷಣಗಳು ಮೂರು:

1. ಯಾವಾಗ ಆಡಬೇಕು, ಎಷ್ಟು ಹೊತ್ತು ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದರ ಮೇಲೆ ಹತೋಟಿ ತಪ್ಪುವುದು.

2. ಊಟ, ನಿದ್ರೆ, ಓದು, ಗೆಳೆಯರು, ಇತರ ಆಸಕ್ತಿಗಳು ಎಲ್ಲಕ್ಕಿಂತ ಆಟವೇ ಮುಖ್ಯವಾಗುತ್ತಾ ಹೋಗುವುದು.

3. ಹಾನಿಯಾಗುತ್ತಿರುವುದು ಕಣ್ಣಿಗೆ ಕಂಡರೂ ಆಟ ಮುಂದುವರಿಯುವುದು ಅಥವಾ ಹೆಚ್ಚುವುದು.

ಈ ಲಕ್ಷಣಗಳು ಸಾಮಾನ್ಯವಾಗಿ 12 ತಿಂಗಳಾದರೂ ಇದ್ದು, ವ್ಯಕ್ತಿಯ ಮನೆ, ಓದು ಅಥವಾ ಉದ್ಯೋಗದ ಬದುಕು ಸ್ಪಷ್ಟವಾಗಿ ಕೆಟ್ಟಿದ್ದರೆ ಮಾತ್ರ ಅದು ಕಾಯಿಲೆ. ತೊಂದರೆ ತೀವ್ರವಾಗಿದ್ದರೆ ಅಷ್ಟು ಕಾಯಬೇಕಾಗಿಲ್ಲ. ‘ದಿನಕ್ಕೆ ಇಷ್ಟು ಗಂಟೆ ಆಡಿದರೆ ರೋಗ’ ಎಂಬ ಅಳತೆ ಇದರಲ್ಲಿ ಇಲ್ಲವೆಂಬುದನ್ನು ಗಮನಿಸಿ. ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿ, ಶಾಲೆ ಶುರುವಾದೊಡನೆ ತಾನಾಗಿ ಕಡಿಮೆ ಮಾಡುವ ಹುಡುಗಿಗೆ ಕಾಯಿಲೆಯಿಲ್ಲ. ಎರಡೇ ಗಂಟೆ ಆಡಿದರೂ, ಅದಕ್ಕಾಗಿ ಪರೀಕ್ಷೆ ತಪ್ಪಿಸುವ, ಸುಳ್ಳು ಹೇಳುವ, ಮನೆಯ ದುಡ್ಡು ತೆಗೆಯುವ ಹುಡುಗನ ಬಗ್ಗೆ ಯೋಚಿಸಬೇಕು. ಆಟವಾಡುವವರಲ್ಲಿ ಕಾಯಿಲೆಯ ಹಂತ ತಲಪುವವರು ಸಣ್ಣ ಪಾಲು ಮಾತ್ರ.

ಇನ್ನೊಂದು ಮುಖ್ಯ ವಿಷಯ. ಅನೇಕ ವೇಳೆ ಗೀಳಿನ ಹಿಂದೆ ಬೇರೊಂದು ತೊಂದರೆ ಅಡಗಿರುತ್ತದೆ. ಖಿನ್ನತೆ, ಆತಂಕ, ಗಮನದ ಕೊರತೆ, ಶಾಲೆಯಲ್ಲಿ ಕೀಟಲೆ, ಪರೀಕ್ಷೆಯ ಸೋಲು, ಮನೆಯಲ್ಲಿ ನಿತ್ಯ ಜಗಳ ಇವುಗಳಿಂದ ತಪ್ಪಿಸಿಕೊಳ್ಳಲು ಮಗು ಆಟದೊಳಗೆ ಹೊಕ್ಕಿರಬಹುದು. ಆಗ ಫೋನ್ ಕಿತ್ತುಕೊಂಡರೆ ಅಡಗುತಾಣ ಹೋಗುತ್ತದೆಯೇ ಹೊರತು ಭಯ ಹೋಗುವುದಿಲ್ಲ.

ದೇಹಕ್ಕಾಗುವ ತೊಂದರೆಗಳು

ಕಣ್ಣು: ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಒಳ್ಳೆಯದು. ದಿನವೂ ಬಯಲಿನಲ್ಲಿ, ಹಗಲು ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಂಭವ ಕಡಿಮೆ.

ಕೈ ಮತ್ತು ಕುತ್ತಿಗೆ: ಗಂಟೆಗಟ್ಟಲೆ ಹೆಬ್ಬೆರಳು ಒತ್ತುವುದರಿಂದ ಅದರ ಸ್ನಾಯುರಜ್ಜು ಊದಿಕೊಂಡು ನೋಯುತ್ತದೆ. 1990ರಲ್ಲೇ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಇದಕ್ಕೆ ‘ನಿಂಟೆಂಡಿನೈಟಿಸ್’ ಎಂಬ ಹೆಸರು ಬಂದಿತ್ತು. ತಲೆ ಬಗ್ಗಿಸಿ ಕುಳಿತರೆ ಕುತ್ತಿಗೆ ಮತ್ತು ಭುಜದ ನೋವು ಜೊತೆಗೂಡುತ್ತದೆ.

ನಿದ್ರೆ: ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಮಧ್ಯರಾತ್ರಿಯವರೆಗೆ ಆಡಿದವನು ಮರುದಿನ ತರಗತಿಯಲ್ಲಿ ತೂಕಡಿಸುತ್ತಾನೆ, ಸಿಡುಕುತ್ತಾನೆ, ಓದಿದ್ದನ್ನು ಮರೆಯುತ್ತಾನೆ. ಆಟದಿಂದ ಆಗುವ ತೊಂದರೆಗಳಲ್ಲಿ ಬೇಗ ಕಾಣಿಸಿಕೊಳ್ಳುವುದು ಇದು.

ಮೂರ್ಛೆ: ವೇಗವಾಗಿ ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಪೋಕೆಮಾನ್’ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು, ನೀಲಿ ಬೆಳಕು ಮಿನುಗಿದಾಗ ಆರುನೂರಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಮಗುವಿಗೆ ಫಿಟ್ಸ್ ಇದ್ದರೆ ಗೇಮ್ ಬಗ್ಗೆ ವೈದ್ಯರನ್ನು ಕೇಳಿ. ಕತ್ತಲ ಕೋಣೆಯಲ್ಲಿ ಆಡಲು ಬಿಡಬೇಡಿ.

ಅಭಿಮಾನಕ್ಕೂ ಮಿತಿಯಿದೆ

“ಆಡಿದರೆ ಆಡಲಿ, ಬೇರೆಯವರು ಆಡುವುದನ್ನು ಗಂಟೆಗಟ್ಟಲೆ ನೋಡುತ್ತಾನಲ್ಲ!” ಎಂದು ತಾಯಂದಿರು ಅಚ್ಚರಿಪಡುತ್ತಾರೆ. ಕ್ರಿಕೆಟ್ ಮ್ಯಾಚ್ ನೋಡುವ ನಾವು ಮಾಡುವುದೂ ಅದನ್ನೇ ತಾನೆ? ಗೇಮ್ ಆಡಿ ತೋರಿಸುವ ಯೂಟ್ಯೂಬ್ ಆಟಗಾರ ಮಗನಿಗೆ ಗೆಳೆಯನಂತೆ ಕಾಣುತ್ತಾನೆ. ಪರದೆಯ ಮೇಲಿನ ವ್ಯಕ್ತಿಯೊಡನೆ ವೀಕ್ಷಕನಿಗೆ ಹುಟ್ಟುವ ಇಂಥ ಒಮ್ಮುಖ ಸ್ನೇಹವನ್ನು ಹಾರ್ಟನ್ ಮತ್ತು ವೋಲ್ ಎಂಬ ವಿದ್ವಾಂಸರು 1956ರಲ್ಲೇ ಟಿ.ವಿ.ಯ ಸಂದರ್ಭದಲ್ಲಿ ವಿವರಿಸಿದ್ದರು.

ಅಭಿಮಾನಿಗಳ ಭಾಷೆಯೂ ಸ್ವಾರಸ್ಯಕರ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ತಂಡ ಗೆದ್ದ ವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆಯನ್ನು ಹೆಚ್ಚು ತೊಡುತ್ತಿದ್ದರು. ಗೆದ್ದರೆ ‘ನಾವು ಗೆದ್ದೆವು’, ಸೋತರೆ ‘ಅವರು ಸೋತರು’ ಎನ್ನುವುದು ಹೆಚ್ಚು. ತನ್ನದಲ್ಲದ ಗೆಲುವಿನಿಂದಲೂ ಮನಸ್ಸಿಗೆ ಬಲ ಬರುತ್ತದೆ, ತಾನೂ ಒಂದು ಗುಂಪಿಗೆ ಸೇರಿದವನೆಂಬ ಭಾವ ಮೂಡುತ್ತದೆ. ಇದರಲ್ಲಿ ತಪ್ಪೇನಿಲ್ಲ.

ಅತಿಯಾದರೆ ಮಾತ್ರ ಅಪಾಯ. 2006ರ ವಿಶ್ವಕಪ್ ಫುಟ್‌ಬಾಲ್ ಸಂದರ್ಭದಲ್ಲಿ ಮ್ಯೂನಿಕ್ ಪ್ರದೇಶದಲ್ಲಿ, ಜರ್ಮನಿ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಉಳಿದ ದಿನಗಳಿಗಿಂತ 2.66 ಪಟ್ಟು ಇದ್ದವು. ಹೃದ್ರೋಗಿಗಳಲ್ಲಿ ಈ ಹೆಚ್ಚಳ ಇನ್ನೂ ಅಧಿಕ. ಮನೆಯಲ್ಲಿ ಹೃದಯದ ಕಾಯಿಲೆಯವರಿದ್ದರೆ ಫೈನಲ್ ಪಂದ್ಯದ ರಾತ್ರಿ ಅವರು ಮಾತ್ರೆ ಮರೆಯದಂತೆ ನೋಡಿಕೊಳ್ಳಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ಸೇರಿದ ಜನಸಂದಣಿಯ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ನೂಕುನುಗ್ಗಲು ಹೆಚ್ಚುತ್ತಿದೆ ಎನಿಸಿದೊಡನೆ ಹಿಂದಿರುಗುವುದು ಹೇಡಿತನವಲ್ಲ ಎಂದು ಮಕ್ಕಳಿಗೆ ಹೇಳಿಕೊಡಿ.

ದುಡ್ಡು ಬೆರೆತರೆ

ಆಟಕ್ಕೆ ಹಣ ಸೇರಿದರೆ ಅದರ ಸ್ವರೂಪವೇ ಬದಲಾಗುತ್ತದೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಮತ್ತಷ್ಟು ಪಣವಿಡುವುದು ಜೂಜಿನ ಗೀಳಿನ ಮುಖ್ಯ ಗುರುತು. ಪಗಡೆಯ ಮುಂದೆ ಕುಳಿತ ಧರ್ಮರಾಯನಿಗೆ ಆದದ್ದೂ ಇದೇ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ನೀಡಿತು. ಆದರೆ ಕಾನೂನೊಂದರಿಂದಲೇ ಅಭ್ಯಾಸ ಬಿಡುವುದಿಲ್ಲ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡದಂತೆ ನಿರ್ಬಂಧ ತಂದಿತ್ತು. ಮಕ್ಕಳು ಆ ನಿರ್ಬಂಧವಿಲ್ಲದ ಮೊಬೈಲ್ ಆಟಗಳತ್ತ ಹೊರಳಿದರು. 2022ರ ಆರಂಭದಿಂದ ಆ ನಿಯಮವನ್ನು ಕೈಬಿಡಲಾಯಿತು. ಮನೆಯ ಮಟ್ಟದ ಎಚ್ಚರವೇ ಹೆಚ್ಚು ಫಲಕಾರಿ. ಬ್ಯಾಂಕ್ ಖಾತೆಗೆ ಜೋಡಿಸಿದ ಫೋನನ್ನು ಮಕ್ಕಳ ಕೈಗೆ ಕೊಡಬೇಡಿ. ಪಾವತಿಯ ಗುಪ್ತಸಂಖ್ಯೆ ಅವರಿಗೆ ತಿಳಿಯದಿರಲಿ.

ಮನೆಯಲ್ಲಿ ಏನು ಮಾಡಬೇಕು?

• ಒಂದು ದಿನ ಮಗುವಿನ ಪಕ್ಕ ಕುಳಿತು ಆಟ ನೋಡಿ. ಯಾವ ಆಟ, ಯಾರೊಡನೆ, ಏನು ಇಷ್ಟ ಎಂದು ಕೇಳಿ. ಬುದ್ಧಿವಾದ ಆಮೇಲಿರಲಿ.

• ನಿಮಿಷಗಳ ಬದಲು ಪಂದ್ಯಗಳ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಿ. “ಇನ್ನೆರಡು ಮ್ಯಾಚ್, ಆಮೇಲೆ ಊಟ” ಎಂಬ ಮಾತನ್ನು ಪಾಲಿಸುವುದು ಮಗುವಿಗೆ ಸುಲಭ. ಊಟದ ಹೊತ್ತನ್ನು ಅರ್ಧ ಗಂಟೆ ಮೊದಲೇ ತಿಳಿಸಿ.

• ಮಲಗುವ ಒಂದು ಗಂಟೆ ಮೊದಲು ಎಲ್ಲರ ಫೋನೂ ಹಜಾರದಲ್ಲಿರಲಿ. ‘ಎಲ್ಲರ’ ಎಂದರೆ ತಂದೆತಾಯಿಯದೂ ಸೇರಿ.

• ಆಟದ ಜಾಗ ತುಂಬಲು ಬೇರೇನಾದರೂ ಬೇಕು. ಸಂಜೆ ಮೈದಾನ, ಈಜು, ಸಂಗೀತ, ಮನೆಯವರೊಡನೆ ಕೇರಂ, ಏನಾದರೂ ಸರಿ.

• ಸಿಟ್ಟಿನಲ್ಲಿ ಫೋನ್ ಒಡೆಯುವುದು, ಹೊಡೆಯುವುದು, ನೆಂಟರ ಮುಂದೆ ಅವಮಾನ ಮಾಡುವುದು ಖಂಡಿತ ಬೇಡ.

• ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ತುತ್ತು ತಿನ್ನಿಸಲು ಫೋನ್ ತೋರಿಸುವ ಅಭ್ಯಾಸ ಬಿಡಿ.

ವೈದ್ಯರನ್ನು ಕಾಣಬೇಕಾದುದು ಯಾವಾಗ?

ಈ ಕ್ರಮಗಳನ್ನು ಕೆಲವು ವಾರ ಅನುಸರಿಸಿದರೂ ಶಾಲೆ ತಪ್ಪಿಸುವುದು, ಹಗಲು ಮಲಗಿ ರಾತ್ರಿ ಆಡುವುದು, ಸ್ನಾನ ಊಟ ಬಿಡುವುದು, ಕಳ್ಳತನ, ಹಿಂಸಾಚಾರ ಮುಂದುವರಿದರೆ ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಹೆಸರಿನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಚಿಕಿತ್ಸಾ ಸೇವೆ ಆರಂಭಿಸಿತು. ಚಿಕಿತ್ಸೆಯಲ್ಲಿ ಮುಖ್ಯವಾದುದು ಆಪ್ತಸಲಹೆ. ಯಾವ ಯೋಚನೆ, ಯಾವ ಹೊತ್ತು, ಯಾವ ಬೇಸರ ಆಟಕ್ಕೆ ಎಳೆಯುತ್ತದೆಂದು ಗುರುತಿಸಿ ಅದನ್ನು ನಿಭಾಯಿಸಲು ಕಲಿಸುತ್ತಾರೆ. ಮನೆಯವರಿಗೂ ಸಲಹೆ ನೀಡುತ್ತಾರೆ. ಖಿನ್ನತೆ ಅಥವಾ ಆತಂಕ ಇದ್ದರೆ ಅದಕ್ಕೆ ಔಷಧಿ ಬೇಕಾಗಬಹುದು.

ಫೋನ್ ತೆಗೆದಾಗ ಮಗು “ಸತ್ತುಹೋಗುತ್ತೇನೆ” ಎಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ, ಪಂಥವನ್ನೂ ಕಟ್ಟಬೇಡಿ. ಒಂಟಿಯಾಗಿ ಬಿಡದೆ ಜೊತೆಗಿದ್ದು ಮಾತನಾಡಿಸಿ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬಹುಪಾಲು ಮಕ್ಕಳಿಗೆ ಇದ್ಯಾವುದರ ಅಗತ್ಯವೂ ಬೀಳುವುದಿಲ್ಲ. ಆ ಮಗು ಚೆನ್ನಾಗಿ ನಿದ್ರಿಸುತ್ತಿದೆಯೇ, ಶಾಲೆಗೆ ಹೋಗುತ್ತಿದೆಯೇ, ಮನೆಮಂದಿಯೊಡನೆ ಕುಳಿತು ಉಣ್ಣುತ್ತಿದೆಯೇ, ನಿಮ್ಮೊಡನೆ ನಗುತ್ತಾ ಮಾತನಾಡುತ್ತಿದೆಯೇ ಎಂದು ನೋಡಿಕೊಳ್ಳಿ. ಈ ನಾಲ್ಕಕ್ಕೂ ಉತ್ತರ ‘ಹೌದು’ ಎಂದಾದರೆ, ಎರಡು ಮ್ಯಾಚ್ ಆಡಲಿ ಬಿಡಿ.