ಸಂಡೂರಿನ ಗುಡ್ಡಕ್ಕೆ ಮರಳಿ ಹುಲ್ಲು

ಹೊಸಪೇಟೆಯಿಂದ ಸಂಡೂರಿಗೆ ಹೊರಟವರಿಗೆ ಬಂಡೆಗಳ ಬಯಲು ಹಿಂದೆ ಸರಿದು ಗುಡ್ಡಗಳ ಸಾಲು ಎದುರಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1000 ಮೀಟರಿನವರೆಗೆ ಏರುವ ಈ ಗುಡ್ಡಗಳಲ್ಲಿ ಕಾಡೂ ಉಂಟು, ಹುಲ್ಲುಗಾವಲೂ ಉಂಟು. ಒಡಲಿನಲ್ಲಿ ಕಬ್ಬಿಣದ ಅದಿರೂ ಉಂಟು. ಅದಿರನ್ನು ತೆಗೆಯಬೇಕಾದರೆ ಮೇಲ್ಮಣ್ಣನ್ನು ಮೊದಲು ತೆಗೆಯಲೇಬೇಕು. ಹೀಗೆ ಬರಿದಾದ ನೆಲದಲ್ಲಿ ಮೊದಲಿದ್ದ ಸಸ್ಯಗಳನ್ನು ಮತ್ತೆ ನೆಲೆಗೊಳಿಸಬಹುದೆ?

ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ಮತ್ತೆ ತೆರೆಯಲು ನೆಲದ ಪುನರುದ್ಧಾರದ ಯೋಜನೆ ಇರಲೇಬೇಕೆಂಬ ನಿಬಂಧನೆ ಆ ಬಳಿಕ ಬಂದಿತು. ಸಸಿ ನೆಡುವುದು ಸುಲಭ. ನೆಟ್ಟದ್ದನ್ನು ಎಣಿಸಿ ತೋರಿಸುವುದು ಇನ್ನೂ ಸುಲಭ. ಆದರೆ ಹುಲ್ಲುಗಾವಲಿದ್ದ ಕಡೆ ಮರಗಳ ದಟ್ಟ ತೋಪೆದ್ದರೆ, ಬಿಸಿಲನ್ನೇ ನೆಚ್ಚಿದ ಹುಲ್ಲೂ ಅದರ ನಡುವಣ ಪುಟ್ಟ ಗಿಡಗಳೂ ನೆರಳಿನಲ್ಲಿ ನಶಿಸುತ್ತವೆ. ಹಸಿರೆಲ್ಲವೂ ಒಂದೇ ಎಂದೆಣಿಸುವುದು ತಪ್ಪೆಂದು ನಮ್ಮ ಅಭಿಪ್ರಾಯ.

ನೀಲಕುರಿಂಜಿಯನ್ನೇ ನೋಡೋಣ. ಪಶ್ಚಿಮ ಘಟ್ಟಗಳಲ್ಲಿ ಹೆಸರಾದ ಈ ಗಿಡ ಸಂಡೂರಿನ ಗುಡ್ಡಗಳಲ್ಲಿಯೂ ಇದೆ. ಸುಮಾರು 12 ವರ್ಷ ಬೆಳೆದು, ಒಂದೇ ಸಲ ಎಲ್ಲವೂ ಒಟ್ಟಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹನ್ನೊಂದನೆಯ ವರ್ಷದಲ್ಲಿ ಆ ನೆಲವನ್ನು ಅಗೆದರೆ ಗತಿಯೇನು? ಆ ಪೀಳಿಗೆ ಬೀಜ ಕೊಡದೆಯೇ ಮುಗಿಯಿತು. ಬೇರೆಡೆಯಿಂದ ಬೀಜ ತರೋಣವೆಂದರೆ ಅಲ್ಲಿಯೂ ಹೂವಿನ ವರ್ಷಕ್ಕಾಗಿ ಕಾಯಬೇಕು. ಹಣವಿದ್ದ ಮಾತ್ರಕ್ಕೆ ಈ ಕಾಲವನ್ನು ಕುಗ್ಗಿಸಲಾಗದು.

ಆದುದರಿಂದ ಮೇಲ್ಮಣ್ಣೇ ಬಂಡವಾಳ. ಹುಲ್ಲಿನ ಬೀಜ, ಗೆಡ್ಡೆ, ಸೂಕ್ಷ್ಮಜೀವಿಗಳು ಇರುವುದು ಅದರಲ್ಲಿಯೇ. ಅದನ್ನು ಬೇರೆಯಾಗಿ ತೆಗೆದಿಟ್ಟು, ಎತ್ತರದ ರಾಶಿ ಹಾಕದೆ, ಬೇಗನೆ ಮರಳಿ ಹರಡಬೇಕು. ದೊಡ್ಡ ರಾಶಿಯ ಆಳದಲ್ಲಿ ಗಾಳಿಯಾಡದೆ ಜೀವ ಕುಂದುತ್ತದೆ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಸ್ಥಳೀಯ ಹುಲ್ಲಿನ ಬೀಜ ಬಿತ್ತಬೇಕು. ಹುಲ್ಲಿನ ಬೇರುಗಳ ಜಾಲವು ಮಣ್ಣನ್ನು ಹಿಡಿಯದಿದ್ದರೆ ಮೊದಲ ಮಳೆಗೇ ಕೆಂಪು ಹೂಳು ನಾರಿಹಳ್ಳದತ್ತ ಇಳಿಯುತ್ತದೆ.

ದಖ್ಖನಿನ ಒಣ ಗುಡ್ಡಗಳಲ್ಲಿ ಸಾಮಾನ್ಯವಾದ ಹೆಟೆರೋಪೋಗಾನ್ ಕಂಟಾರ್ಟಸ್ ಎಂಬ ಹುಲ್ಲಂತೂ ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳುತ್ತದೆ. ನಡೆಯುವವರ ಬಟ್ಟೆಗೆ ಚುಚ್ಚಿಕೊಂಡು ಕಾಡುವುದೂ ಇದೇ! ಬೀಜದ ಉದ್ದನೆಯ ಬಾಲವು ಒಣಗಿದಾಗ ಹಗ್ಗದಂತೆ ಹುರಿಗೊಳ್ಳುತ್ತದೆ, ಒದ್ದೆಯಾದಾಗ ಬಿಚ್ಚಿಕೊಳ್ಳುತ್ತದೆ. ಈ ತಿರುಗಾಟಕ್ಕೆ ಚೂಪಾದ ತುದಿ ಬೈರಿಗೆಯಂತೆ ನೆಲವನ್ನು ಕೊರೆಯುತ್ತದೆ. ಮಳೆಗಾಲ ಕಳೆದ ಮೇಲೆ ಮಾಗಿದ ಬೀಜವೊಂದನ್ನು ತಂದು, ಬಾಲದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿರಿ.