ಕಾವಲುಗಾರನು ಎಲ್ಲಿ ನಿಂತಿರಬೇಕು?



ಮಳೆಗಾಲದಲ್ಲಿ ಸಾಂಗಲಿಯ ಪೇಟೆಯಲ್ಲಿ ಇಬ್ಬರು ಭೆಟ್ಟಿಯಾದರೆ, ಕ್ಷೇಮಸಮಾಚಾರಕ್ಕಿಂತ ಮೊದಲು ಬರುವ ಪ್ರಶ್ನೆಯು “ಆಯರ್ವಿನ್ ಪೂಲಿನ ಹತ್ತರ ಎಷ್ಟು ಫೂಟ ಆತು?” ಎಂಬುದೇ ಆಗಿರುವದು. ಕೃಷ್ಣೆಯ ನೀರನ್ನು ಆ ಸೇತುವೆಯ ಬಳಿಯಲ್ಲಿ ಅಳೆಯುತ್ತಾರೆ. 40 ಅಡಿಗೆ ಏರಿದರೆ ಅದು ಎಚ್ಚರಿಕೆಯ ಮಟ್ಟ. 45 ಅಡಿಗೆ ಏರಿದರೆ ಅಪಾಯದ ಮಟ್ಟ. 2019ರ ಆಗಸ್ಟ್ ತಿಂಗಳಲ್ಲಿ ನೀರು 57 ಅಡಿಯನ್ನೂ ದಾಟಿತು. ಊರಿನ ಅನೇಕ ಭಾಗಗಳು ಮುಳುಗಿ, ವಿದ್ಯುತ್ತು ನಿಂತು, ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು. 2021ರ ಜುಲೈ ತಿಂಗಳಲ್ಲಿ ಮತ್ತೊಮ್ಮೆ 50 ಅಡಿಯ ಮೇಲೆ ಹೋಯಿತು. ಪಾಲಕರು ಈ ಅಂಕಿಗಳನ್ನು ಮರೆಯುವ ಸಂಭವವಿಲ್ಲ.

ಈ ಏರ್ಪಾಡಿನಲ್ಲಿ ಏನೇನು ಇದೆಯೆಂಬುದನ್ನು ಸ್ವಲ್ಪ ವಿಚಾರಿಸಿ ನೋಡಿರಿ. ಗೊತ್ತಾದ ಹೊತ್ತಿಗೆ ಅಳೆಯುವದು. ಅಳತೆಯನ್ನು ಮೊದಲೇ ಗೊತ್ತುಪಡಿಸಿದ ಗೆರೆಯೊಡನೆ ಹೋಲಿಸುವದು. ಗೆರೆ ದಾಟಿದರೆ ಸಾರುವದು. ಇದರ ಜೊತೆಗೆ ಇನ್ನೊಂದು ಕೆಲಸವಿದೆ. “ನಮ್ಮ ಓಣಿಗೆ ನೀರು ಬಂದಿದೆ, ದೋಣಿ ಕಳಿಸಿರಿ” ಎಂದು ಜನರು ಹೇಳಿಕೊಂಡರೆ ಅದನ್ನು ಬರೆದುಕೊಂಡು, ಯಾರನ್ನು ಕಳಿಸಿದೆವು, ಅವರು ಹೋಗಿ ತಲುಪಿದರೋ ಇಲ್ಲವೋ ಎಂಬುದನ್ನು ನೋಡುವ ಕೆಲಸವದು. ಗಣಕಯಂತ್ರಗಳ ಲೋಕದಲ್ಲಿ ಮೊದಲನೆಯದಕ್ಕೆ ನೆಟ್‌ವರ್ಕ್ ಮಾನಿಟರಿಂಗ್ ಎಂದೂ ಎರಡನೆಯದಕ್ಕೆ ಹೆಲ್ಪ್ ಡೆಸ್ಕ್ ಎಂದೂ ಹೆಸರು. ನಾವು ಇಲ್ಲಿ ಇವುಗಳನ್ನು ಜಾಲದ ಕಾವಲು, ತಕರಾರು ಮೇಜು ಎಂದು ಕರೆಯೋಣ. ಇವೆರಡನ್ನೂ ‘ಕಲ್ಪಿತ ಯಂತ್ರ’ಗಳಲ್ಲಿ ಹೇಗೆ ನೆಲೆಗೊಳಿಸಬೇಕು, ಹಾಗೆ ಮಾಡುವಾಗ ನಾನು ಎಲ್ಲಿ ಎಡವಿದೆನು ಎಂಬುದೇ ಈ ಪಾಠದ ವಿಷಯ.

ಒಂದು ಶಾಲೆಯಲ್ಲಿ ಇಪ್ಪತ್ತು ಗಣಕಯಂತ್ರಗಳ ಖೋಲಿಯಿದೆಯೆಂದು ಭಾವಿಸಿರಿ. ಅವುಗಳನ್ನು ಕೂಡಿಸುವ ಸ್ವಿಚ್ ಒಂದು, ಹೊರಗಿನ ಇಂಟರ್ನೆಟ್ಟಿಗೆ ದಾರಿ ತೋರಿಸುವ ರೌಟರ್ ಒಂದು, ಕಚೇರಿಯಲ್ಲಿ ಮುದ್ರಣಯಂತ್ರ ಒಂದು, ಎಲ್ಲರ ಕಡತಗಳನ್ನು ಇಟ್ಟುಕೊಂಡ ಸರ್ವರ್ ಒಂದು. ಇವೆಲ್ಲ ಜೀವಂತವಾಗಿವೆಯೇ ಎಂದು ತಿಳಿಯುವ ಬಗೆ ಹೇಗೆ? ಮಿರಜದ ಸಂತೆಯಲ್ಲಿ ನಿಮ್ಮ ತಾಯಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುವರಷ್ಟೆ. ಗಟ್ಟಿಯಾಗಿದ್ದರೆ ಒಂದು ನಾದ, ಬಿರುಕಿದ್ದರೆ ಇನ್ನೊಂದು. ಜಾಲದಲ್ಲಿ ಹೀಗೆ ಬಾರಿಸಿ ನೋಡುವ ಸಾಧನಕ್ಕೆ ‘ಪಿಂಗ್’ ಎಂದು ಹೆಸರು. ಅಮೇರಿಕದ ಮೈಕ್ ಮೂಸ್ ಎಂಬವರು ಇದನ್ನು 1983ರ ಡಿಸೆಂಬರದಲ್ಲಿ ಬರೆದರು. ಸಮುದ್ರದಲ್ಲಿ ನೌಕೆಗಳು ಧ್ವನಿಯನ್ನು ಕಳಿಸಿ ಅದರ ಮಾರ್ದನಿಯಿಂದ ವಸ್ತುಗಳ ಇರವನ್ನು ತಿಳಿಯುವ ರೀತಿಯೇ ಆ ಹೆಸರಿಗೆ ಮೂಲ. ಒಂದು ಚಿಕ್ಕ ಸಂದೇಶವನ್ನು ಕಳಿಸುವದು, ಉತ್ತರ ಎಷ್ಟು ಹೊತ್ತಿಗೆ ಬಂದಿತೆಂದು ನೋಡುವದು, ಇಷ್ಟೇ ಅದರ ಕೆಲಸ.

ಆದರೆ ಮಡಕೆ ಗಟ್ಟಿಯಾಗಿದೆಯೆಂದ ಮಾತ್ರಕ್ಕೆ ಒಳಗೆ ನೀರೆಷ್ಟಿದೆಯೆಂದು ತಿಳಿಯಲಾರದು. ಯಂತ್ರದ ನೆನಪು ಎಷ್ಟು ತುಂಬಿದೆ, ತಟ್ಟೆಯಲ್ಲಿ, ಅಂದರೆ ಡಿಸ್ಕಿನಲ್ಲಿ, ಎಷ್ಟು ಸ್ಥಳ ಉಳಿದಿದೆ, ಸ್ವಿಚ್ಚಿನ ಯಾವ ಬಾಯಿಂದ ಎಷ್ಟು ಮಾಹಿತಿ ಹರಿಯುತ್ತಿದೆ ಎಂಬವನ್ನು ಕೇಳಿ ತಿಳಿಯಲು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಸಂಭಾಷಣೆಯ ನಿಯಮವು ಸಿದ್ಧವಾಯಿತು. ಇಂದಿಗೂ ಬಹುತೇಕ ಸ್ವಿಚ್ಚುಗಳೂ ಮುದ್ರಣಯಂತ್ರಗಳೂ ಈ ಭಾಷೆಯನ್ನು ಬಲ್ಲವು. ಹೀಗೆ ಕೇಳುತ್ತ, ಬರೆದಿಡುತ್ತ, ಗೆರೆ ದಾಟಿದರೆ ಕೂಗುವ ಸಾಫ್ಟ್‌ವೇರುಗಳಲ್ಲಿ ಈಥನ್ ಗಾಲ್‌ಸ್ಟಾಡ್ ಅವರು 1999ರಲ್ಲಿ ಬೇರೆ ಹೆಸರಿನಿಂದ ಹೊರತಂದು ಅನಂತರ ‘ನಾಗಿಯೋಸ್’ ಎಂದು ಕರೆದುದೂ, ಲ್ಯಾಟ್ವಿಯಾ ದೇಶದಿಂದ 2001ರಲ್ಲಿ ಹೊರಟ ‘ಜ್ಯಾಬಿಕ್ಸ್’ ಎಂಬುದೂ ಪ್ರಸಿದ್ಧವಾಗಿವೆ. ಇವುಗಳನ್ನು ಬೆಲೆ ಕೊಡದೆ ಪಡೆಯಬಹುದು. ಶಾಲೆಗಳಿಗೆ ಇದೇನು ಚಿಕ್ಕ ಸಂಗತಿಯಲ್ಲ.

ಒಂದು ಸೂಕ್ಷ್ಮವನ್ನು ಮಾತ್ರ ಇಲ್ಲಿ ಹೇಳಬೇಕು. ಒಮ್ಮೆ ಉತ್ತರ ಬಾರದಿದ್ದರೆ ಕೂಡಲೇ ಕೂಗುವ ಕಾವಲುಗಾರನು ನಾಲ್ಕೇ ದಿನಗಳಲ್ಲಿ ಎಲ್ಲರ ಬೇಸರಕ್ಕೆ ಪಾತ್ರನಾಗುವನು. ಐದನೆಯ ದಿನ ನಿಜವಾಗಿ ಕೂಗಿದಾಗ ಯಾರೂ ಕಿವಿಗೊಡುವದಿಲ್ಲ. ಆದುದರಿಂದ ನಿಮಿಷಕ್ಕೊಮ್ಮೆ ಕೇಳಿ, ಮೂರು ಸಲ ಉತ್ತರ ಬಾರದಿದ್ದರೆ ಮಾತ್ರ ಕೂಗಬೇಕೆಂದು ಗೊತ್ತುಪಡಿಸುವದು ಒಳ್ಳೆಯದು. ಸ್ವಿಚ್ ನಿಂತರೆ ಅದರ ಹಿಂದಿನ ಇಪ್ಪತ್ತೂ ಯಂತ್ರಗಳು ಮೌನವಾಗುವವು. ಆಗ ಇಪ್ಪತ್ತೊಂದು ಸಲ ಕೂಗಬಾರದು, ಒಂದೇ ಸಲ ಕೂಗಬೇಕು. ಇದಕ್ಕಾಗಿ ಯಾವ ಯಂತ್ರವು ಯಾವುದರ ಹಿಂದೆ ಇದೆಯೆಂಬ ವಂಶಾವಳಿಯನ್ನು ಸಾಫ್ಟ್‌ವೇರಿಗೆ ಮೊದಲೇ ತಿಳಿಸಿಡಬೇಕು.

ಇನ್ನು ತಕರಾರು ಮೇಜಿನ ವಿಷಯ. ನನ್ನ ಅನುಭವದಲ್ಲಿ ಕಾವಲಿಗಿಂತ ಇದೇ ಹೆಚ್ಚು ಕಠಿಣವಾದುದು, ಏಕೆಂದರೆ ಇಲ್ಲಿ ಯಂತ್ರವಲ್ಲ, ಮನುಷ್ಯನು ಹೇಳಬೇಕು. ಪರದೆ ಕಪ್ಪಾದರೆ ಹುಡುಗನು ತಾನೇ ಕೆಡಿಸಿದೆನೆಂಬ ಹೆದರಿಕೆಯಿಂದ ಸುಮ್ಮನೆ ಪಕ್ಕದ ಯಂತ್ರಕ್ಕೆ ಸರಿಯುತ್ತಾನೆ. ಮಾಸ್ತರರು ಸಿಪಾಯಿಗೆ ಬಾಯಿಮಾತಿನಿಂದ ಹೇಳುತ್ತಾರೆ. ಸಿಪಾಯಿ ಸಂಜೆಯವರೆಗೆ ಮರೆಯುತ್ತಾನೆ. ತಕರಾರು ಮೇಜಿನ ಸಾಫ್ಟ್‌ವೇರು ಮಾಡುವದಿಷ್ಟೇ: ಪ್ರತಿಯೊಂದು ತಕರಾರಿಗೆ ಒಂದು ಕ್ರಮಾಂಕ ಕೊಟ್ಟು, ಹೇಳಿದವರ ಹೆಸರು, ಹೊತ್ತು, ಯಾರಿಗೆ ಒಪ್ಪಿಸಲಾಯಿತು, ಏನು ಮಾಡಲಾಯಿತು, ಯಾವಾಗ ಮುಗಿಯಿತು ಎಂಬುದನ್ನು ಕಾಯ್ದಿಡುವದು. ಈ ಕ್ರಮಾಂಕದ ಚೀಟಿಗೆ ಟಿಕೆಟ್ ಎನ್ನುತ್ತಾರೆ. ಫ್ರಾನ್ಸಿನಲ್ಲಿ 2003ರಲ್ಲಿ ಹುಟ್ಟಿದ ‘ಜಿಎಲ್‌ಪಿಐ’ ಎಂಬುದು ಈ ಕೆಲಸದೊಡನೆ ಶಾಲೆಯ ಯಂತ್ರಗಳ ಯಾದಿಯನ್ನೂ ಇಟ್ಟುಕೊಳ್ಳುವದರಿಂದ ನನಗೆ ಮೆಚ್ಚಿಗೆಯಾಗಿದೆ.

ಕನ್ನಡ ಶಾಲೆಯವರಾದ ನಾವು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ತಕರಾರನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದರೆ ಐದನೆಯ ಇಯತ್ತೆಯ ಹುಡುಗಿಯು ಬರೆಯುವದಿಲ್ಲ. ಬರೆಯದಿದ್ದರೆ ಯಂತ್ರವು ಕೆಟ್ಟೇ ಇರುವದು. ಮಾಹಿತಿಯ ಕೋಶವನ್ನು ಯೂನಿಕೋಡ್ ರೀತಿಯಲ್ಲಿ ಸಿದ್ಧಪಡಿಸಿದರೆ “ಇಲಿ ಅಲುಗುವದಿಲ್ಲ” ಎಂದು ಕನ್ನಡದಲ್ಲಿ ಬರೆದುದು ಕನ್ನಡದಲ್ಲಿಯೇ ಉಳಿಯುವದು. ಹಳೆಯ ರೀತಿಯಲ್ಲಿ ಸಿದ್ಧಪಡಿಸಿದರೆ ಅಕ್ಷರಗಳ ಬದಲಾಗಿ ಪ್ರಶ್ನಚಿಹ್ನೆಗಳ ಸಾಲು ಕಾಣುವದು. ಇದನ್ನು ಮೊದಲ ದಿನವೇ ಪರೀಕ್ಷಿಸಿರಿ. ನೂರು ತಕರಾರುಗಳಾದ ಮೇಲೆ ತಿದ್ದುವದು ಬಹಳ ಕಷ್ಟ.

ಈಗ ಕಲ್ಪಿತ ಯಂತ್ರಕ್ಕೆ ಬರೋಣ. ಸಾಂಗಲಿಯ ಹಳೆಯ ವಾಡೆಗಳನ್ನು ನೀವು ಕಂಡಿರುವಿರಿ. ಹೊರಗೆ ಒಂದೇ ಮಹಾದ್ವಾರ, ಒಂದೇ ಛಾವಣಿ. ಒಳಗೆ ನಾಲ್ಕಾರು ಬಾಡಿಗೆಯ ಕುಟುಂಬಗಳು. ಒಬ್ಬರ ಒಲೆ ಇನ್ನೊಬ್ಬರಿಗೆ ಸಂಬಂಧವಿಲ್ಲ. ಪ್ರತಿಯೊಬ್ಬರೂ ತಮ್ಮದೇ ಮನೆಯೆಂದು ಬಾಳುತ್ತಾರೆ. ಒಂದು ಬಲಿಷ್ಠ ಗಣಕಯಂತ್ರದಲ್ಲಿ ಇದೇ ರೀತಿ ಅನೇಕ ಯಂತ್ರಗಳನ್ನು ಕಲ್ಪಿಸಬಹುದು. ಪ್ರತಿಯೊಂದಕ್ಕೂ ತನ್ನ ನೆನಪು, ತನ್ನ ಡಿಸ್ಕು, ತನ್ನ ವಿಳಾಸ. ವಾಡೆಯ ಯಜಮಾನನಂತೆ ಇವುಗಳಿಗೆ ಸ್ಥಳ ಹಂಚಿಕೊಡುವ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಎಂದು ಹೆಸರು. ಇದೇನು ನಿನ್ನೆಯ ಕಲ್ಪನೆಯಲ್ಲ. ಐಬಿಎಂ ಸಂಸ್ಥೆಯು 1960ರ ದಶಕದಲ್ಲಿಯೇ ಇದನ್ನು ಪ್ರಯೋಗಿಸಿ, 1972ರಲ್ಲಿ ‘ವಿಎಂ/370’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಸಾಮಾನ್ಯ ಗಣಕಯಂತ್ರಗಳಿಗೆ ಇದು 1999ರಲ್ಲಿ ವಿಎಂವೇರ್ ಮೂಲಕ ಬಂದಿತು. 2007ರಲ್ಲಿ ಲಿನಕ್ಸಿನ ಹೃದಯದಲ್ಲಿಯೇ ಕೆವಿಎಂ ಎಂಬ ಹೆಸರಿನಿಂದ ಸೇರಿಕೊಂಡಿತು. ಎರಡು ಯಂತ್ರಗಳನ್ನು ಕೊಳ್ಳಲು ಹಣವಿಲ್ಲದ ಶಾಲೆಯು ಒಂದರಲ್ಲಿಯೇ ಎರಡರ ಸಂಸಾರವನ್ನು ನಡೆಸಬಹುದು.

8 ಜಿಬಿ ನೆನಪಿರುವ ಯಂತ್ರವಿದ್ದರೆ ಕಾವಲಿಗೆ 2, ತಕರಾರು ಮೇಜಿಗೆ 2 ಕೊಟ್ಟು, ಉಳಿದುದನ್ನು ಯಜಮಾನನಿಗೇ ಬಿಡಿರಿ. ಇಪ್ಪತ್ತು ಮೂವತ್ತು ಯಂತ್ರಗಳ ಜಾಲಕ್ಕೆ ಇದು ಸಾಕು. ಮುಂದೆ ವಿಳಾಸದ ಪ್ರಶ್ನೆ ಬರುವದು. ಕಲ್ಪಿತ ಯಂತ್ರವನ್ನು ಜಾಲಕ್ಕೆ ಕೂಡಿಸುವ ರೀತಿಗಳಲ್ಲಿ ಮುಖ್ಯವಾದವು ಎರಡು. ‘ನ್ಯಾಟ್’ ಎಂಬ ರೀತಿಯಲ್ಲಿ ಅದು ಯಜಮಾನನ ವಿಳಾಸದ ಮರೆಯಲ್ಲಿ ಇರುವದು. ತಾನು ಹೊರಗಿನವರನ್ನು ಕೇಳಬಲ್ಲದು, ಆದರೆ ಸ್ವಿಚ್ ತಾನಾಗಿ ಕಳಿಸಿದ ಎಚ್ಚರಿಕೆಯು ಅದಕ್ಕೆ ಮುಟ್ಟುವದಿಲ್ಲ. ‘ಬ್ರಿಜ್’ ಎಂಬ ರೀತಿಯಲ್ಲಿ ಅದಕ್ಕೆ ಜಾಲದಲ್ಲಿ ತನ್ನದೇ ವಿಳಾಸ, ತನ್ನದೇ ಬಾಗಿಲು ಇರುವದು. ಕಾವಲುಗಾರನಿಗೆ ಎರಡನೆಯದೇ ಯೋಗ್ಯ. ಆ ವಿಳಾಸವನ್ನು ದಿನಕ್ಕೊಂದಾಗದಂತೆ ಸ್ಥಿರವಾಗಿಡಬೇಕು.

ಗಡಿಯಾರವನ್ನು ಮರೆಯಬಾರದು. ಕಲ್ಪಿತ ಯಂತ್ರವನ್ನು ತಡೆದು ನಿಲ್ಲಿಸಿ ಮತ್ತೆ ನಡೆಸಿದರೆ ಅದರ ಗಡಿಯಾರವು ಹಿಂದುಳಿಯಬಹುದು. ಕಾವಲುಗಾರನು 10 ಗಂಟೆಗೆ ಕೂಗಿದನೆಂದು ಒಂದು ದಫ್ತರವೂ, ತಕರಾರು 9-40ಕ್ಕೆ ಬಂದಿತೆಂದು ಇನ್ನೊಂದು ದಫ್ತರವೂ ಹೇಳಿದರೆ ಕಾರಣವನ್ನು ಹುಡುಕುವ ಬಗೆ ಹೇಗೆ? ಎರಡೂ ಯಂತ್ರಗಳು ಒಂದೇ ಕಾಲಮೂಲದಿಂದ ಹೊತ್ತನ್ನು ತಿದ್ದಿಕೊಳ್ಳುವಂತೆ ಮಾಡಿರಿ. ವಿದ್ಯುತ್ತು ಹೋಗಿ ಬಂದಾಗ ಯಜಮಾನನ ಹಿಂದೆಯೇ ಕಲ್ಪಿತ ಯಂತ್ರಗಳೂ ತಾವಾಗಿಯೇ ಏಳುವಂತೆ ಗೊತ್ತುಪಡಿಸಿರಿ. ನಮ್ಮ ಕಡೆ ಇದು ಅವಶ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನೆಲ್ಲ ನಾನು ಮಾಡಿದ್ದೆನು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಗಣಕಯಂತ್ರಗಳ ಖೋಲಿಯ ಮೇಲ್ವಿಚಾರಣೆ ನನ್ನ ಕಡೆಗಿತ್ತು. ಕಾವಲು, ತಕರಾರು ಮೇಜು, ಇವುಗಳೊಡನೆ ಕಡತಗಳ ಸರ್ವರನ್ನೂ ಮೂರನೆಯ ಕಲ್ಪಿತ ಯಂತ್ರವಾಗಿ ಅದೇ ಒಂದು ಯಂತ್ರದಲ್ಲಿ ಇಟ್ಟಿದ್ದೆನು. ಖರ್ಚು ಉಳಿಯಿತೆಂದು ಮುಖ್ಯಾಧ್ಯಾಪಕರು ಸಂತೋಷಪಟ್ಟಿದ್ದರು. ಹತ್ತನೆಯ ಇಯತ್ತೆಯ ಪರೀಕ್ಷೆಯ ಅರ್ಜಿಗಳಿಗಾಗಿ ವಿದ್ಯಾರ್ಥಿಗಳ ಹೆಸರು, ಜನ್ಮತಾರೀಖು, ವಿಷಯಗಳ ಯಾದಿಯೆಲ್ಲವೂ ಅದರಲ್ಲಿಯೇ ಇದ್ದಿತು. ಒಂದು ಶನಿವಾರ ರಾತ್ರಿ ಗುಡುಗು ಮಳೆಯಾಗಿ ವಿದ್ಯುತ್ತು ಹಲವು ಸಲ ಹೋಗಿ ಬಂದಿತು. ರವಿವಾರ ದಿನವಿಡೀ ನನ್ನ ಫೋನಿಗೆ ಒಂದೂ ಎಚ್ಚರಿಕೆ ಬರಲಿಲ್ಲ. ಎಲ್ಲವೂ ಸುರಕ್ಷಿತವಾಗಿದೆಯೆಂದು ನಾನು ನಿಶ್ಚಿಂತೆಯಿಂದ ಇದ್ದೆನು.

ಸೋಮವಾರ ಬೆಳಿಗ್ಗೆ ನೋಡುವಾಗ ಆ ಯಂತ್ರದ ಡಿಸ್ಕು ಸುಟ್ಟಿತ್ತು. ಎಚ್ಚರಿಕೆ ಕೊಡಬೇಕಾದವನೇ ಮೊದಲು ಸತ್ತಿದ್ದನು! ಕಾವಲುಗಾರನು ಸುಮ್ಮನಿದ್ದರೆ ಕ್ಷೇಮವೆಂದು ತಿಳಿದುದು ನನ್ನ ತಪ್ಪು. ಇನ್ನೊಂದು ತಪ್ಪೂ ಆಗಿದ್ದಿತು: ಕಲ್ಪಿತ ಯಂತ್ರದ ‘ಸ್ನ್ಯಾಪ್‌ಶಾಟ್’ ಎಂಬ ಸ್ಥಿತಿಚಿತ್ರಗಳನ್ನು ವಾರವಾರ ತೆಗೆಯುತ್ತಿದ್ದೆನಾದರೂ ಅವೂ ಅದೇ ಡಿಸ್ಕಿನ ಮೇಲೆ ಇದ್ದುವು. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತಾಯಿತು. ಅರ್ಜಿಗಳನ್ನು ಕಳಿಸಲು ಮೂರು ದಿನ ಉಳಿದಿದ್ದುವು. ಕಚೇರಿಯ ಕಾರಕೂನರು ಹಳೆಯ ಪದ್ಧತಿಯಂತೆ ಹಾಜರಿ ವಹಿಯಲ್ಲಿ ಕೈಯಿಂದ ಬರೆದಿಟ್ಟ ಹೆಸರುಗಳಿದ್ದುದರಿಂದ ಪಾರಾದೆವು. ಪಾಲಕರು ದಾಖಲೆಗಳನ್ನು ಹಿಡಿದುಕೊಂಡು ರಾತ್ರಿ ಒಂಬತ್ತರವರೆಗೆ ಸಾಲಾಗಿ ನಿಂತರು. ಜತ್ತ ತಾಲೂಕಿನ ತಮ್ಮ ಹಳ್ಳಿಯಿಂದ ಕೊನೆಯ ಬಸ್ಸಿಗೆ ಬಂದ ಒಬ್ಬ ತಂದೆಯವರು, “ಮಾಸ್ತರ್ರ, ನಮ್ಮ ಹುಡುಗೀ ಹೆಸರು ಬಿಟ್ಟಿಲ್ಲಲ್ರೀ?” ಎಂದು ಮೂರು ಸಲ ಕೇಳಿದರು. ಯಾವ ವಿದ್ಯಾರ್ಥಿಯ ವರ್ಷವೂ ಹೋಗಲಿಲ್ಲ. ಆದರೆ ಆ ಮೂರು ದಿನ ನನಗೆ ನಿದ್ರೆಯಿರಲಿಲ್ಲ.

ಸೇತುವೆಯ ಬಳಿ ನೀರನ್ನು ನೋಡುವವನು ನೀರು ಏರದ ಸ್ಥಳದಲ್ಲಿ ನಿಂತೇ ನೋಡಬೇಕು. ಇದು ಸಾಂಗಲಿಯವರಿಗೆ ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಆದರೂ ಯಂತ್ರದ ಮುಂದೆ ಕುಳಿತಾಗ ನನಗೆ ಹೊಳೆಯಲಿಲ್ಲ. ಕಲ್ಪಿತ ಯಂತ್ರವು ಬೇರೆ ಮನೆಯಂತೆ ಕಾಣುವದು ನಿಜ. ಛಾವಣಿ ಮಾತ್ರ ಒಂದೇ.

ಅನಂತರ ನಾವು ಮಾಡಿದ ಏರ್ಪಾಡು ಇದು. ತಕರಾರು ಮೇಜು ಮತ್ತು ಕಡತಗಳು ಮೊದಲಿನಂತೆ ಕಲ್ಪಿತ ಯಂತ್ರಗಳಲ್ಲಿಯೇ ಉಳಿದುವು. ಕಾವಲನ್ನು ಅಂಗೈಯಷ್ಟು ದೊಡ್ಡದಾದ ಒಂದು ಅಗ್ಗದ ಯಂತ್ರಕ್ಕೆ ಬದಲಾಯಿಸಿ, ಬೇರೆ ಕಟ್ಟಡದ ಮೇಲಿನ ಮಹಡಿಯಲ್ಲಿ, ಪ್ರತ್ಯೇಕ ಬ್ಯಾಟರಿಯೊಡನೆ ಇಟ್ಟೆವು. ಅದು ದಿನಾಲು ಬೆಳಿಗ್ಗೆ 7 ಗಂಟೆಗೆ “ಎಲ್ಲ ಕ್ಷೇಮ” ಎಂಬ ಸಂದೇಶವನ್ನು ಕಳಿಸಬೇಕು. ಆ ಸಂದೇಶವು ಬಾರದಿದ್ದರೆ ಅದೇ ಎಚ್ಚರಿಕೆ. ಕಡತಗಳ ಪ್ರತಿಯು ಪ್ರತಿ ಶುಕ್ರವಾರ ಹೊರಗಿನ ಡಿಸ್ಕಿಗೆ ಹೋಗಿ, ಆ ಡಿಸ್ಕು ಶಾಲೆಯಿಂದ ಹೊರಗೆ ಇರುವದು. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಲ್ಪಿತ ಯಂತ್ರವನ್ನು ನಿಜವಾಗಿ ಎಬ್ಬಿಸಿ ನೋಡುತ್ತೇವೆ. ಎಬ್ಬಿಸಿ ನೋಡದ ಪ್ರತಿಯನ್ನು ನಾನು ಪ್ರತಿಯೆಂದು ಎಣಿಸುವದಿಲ್ಲ. ಜಾಲವೇ ನಿಂತ ದಿನ ತಕರಾರು ಬರೆಯುವದೆಲ್ಲಿ? ಅದಕ್ಕಾಗಿ ಖೋಲಿಯ ಬಾಗಿಲಿಗೆ ಒಂದು ಕಾಗದದ ವಹಿಯನ್ನು ಕಟ್ಟಿದೆವು.

ತಿಂಗಳ ಮೊದಲನೆಯ ಶನಿವಾರ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವಿದೆ. ಒಬ್ಬನು ಯಾರಿಗೂ ಹೇಳದೆ ಒಂದು ಯಂತ್ರದ ಜಾಲದ ತಂತಿಯನ್ನು ಕೀಳಬೇಕು. ಉಳಿದವರು ಗಡಿಯಾರ ಹಿಡಿದು, ಕಾವಲುಗಾರನು ಎಷ್ಟು ಹೊತ್ತಿಗೆ ಕೂಗಿದನು, ಟಿಕೆಟ್ ಯಾವ ಕ್ರಮಾಂಕದಿಂದ ತೆರೆಯಿತು ಎಂಬುದನ್ನು ಬರೆದುಕೊಳ್ಳಬೇಕು. ಮೊದಲನೆಯ ಸಲ ನಾಲ್ಕು ನಿಮಿಷ ಹಿಡಿಯಿತು. ಎರಡನೆಯ ಸಲ ಒಬ್ಬ ಹುಡುಗಿಯು ಯಂತ್ರದ ತಂತಿಯನ್ನು ಬಿಟ್ಟು, ಮೇಲಿನ ಮಹಡಿಗೆ ಹೋಗಿ ಕಾವಲುಗಾರನ ತಂತಿಯನ್ನೇ ಕಿತ್ತು ಬಂದು ಸುಮ್ಮನೆ ಕುಳಿತಳು. ಅರ್ಧ ಗಂಟೆಯಾದರೂ ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ “ಎಲ್ಲ ಕ್ಷೇಮ” ಎಂಬ ಸಂದೇಶವನ್ನು ದಿನಕ್ಕೊಮ್ಮೆಯಲ್ಲ, ಹದಿನೈದು ನಿಮಿಷಕ್ಕೊಮ್ಮೆ ಕಳಿಸುವಂತೆಯೂ, ಅದು ತಪ್ಪಿದರೆ ತಕರಾರು ಮೇಜು ತಾನಾಗಿಯೇ ಟಿಕೆಟ್ ತೆರೆಯುವಂತೆಯೂ ಬದಲಾಯಿಸಿದ್ದೇವೆ.