ದೊಡ್ಡ ಸಿಲಿಂಡರ್, ಕಲ್ಲಿನಂಥ ಪೆಡಲ್

ನಿಮ್ಮ ಹಳೆಯ ಜೀಪಿನ ಬ್ರೇಕ್ ಪೆಡಲ್ ಕಲ್ಲಾಗಿದ್ದರಲ್ಲಿ ಆಶ್ಚರ್ಯವಿಲ್ಲ. 19.05 ಮಿ.ಮೀ. ಮಾಸ್ಟರ್ ಸಿಲಿಂಡರ್ ತೆಗೆದು 22.2 ಮಿ.ಮೀ.ದು ಕೂಡಿಸಿದ್ದೀರಿ, ಪಿಸ್ಟನ್ ವಿಸ್ತೀರ್ಣ ಶೇ 36ರಷ್ಟು ಹೆಚ್ಚಿತು. ಕಾಲು ಅಷ್ಟೇ ಬಲ ಹಾಕಿದರೂ ಬ್ರೇಕ್ ಆಯಿಲ್‌ನ ಒತ್ತಡ ಕಾಲುಭಾಗದಷ್ಟು ಕಡಿಮೆ. ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಯಾರೋ ಶಾಣ್ಯಾ ‘ದೊಡ್ಡದಿದ್ರ ಬ್ರೇಕ್ ಜೋರು’ ಅಂದಿರಬೇಕು!

ಹಳೆಯದನ್ನೇ ಹಾಕಿ ನೋಡಿ. ಕ್ಯಾಲಿಪರ್‌ಗಳನ್ನೂ ಬದಲಿಸಿದ್ದು, ಹೊಸವುಗಳ ಪಿಸ್ಟನ್ ದೊಡ್ಡವಿದ್ದು ಪೆಡಲ್ ತಳ ಮುಟ್ಟುವಂತಾದರೆ, ನಡುವಿನ 20.6 ಮಿ.ಮೀ. ಪ್ರಯತ್ನಿಸಿ. ಕ್ಲಚ್ಚಿನ ಲೆಕ್ಕ ಬೇರೆ: ಅಲ್ಲಿ ಸ್ಲೇವ್ ಸಿಲಿಂಡರ್‌ನ ಪಿಸ್ಟನ್ ಎಷ್ಟು ಸರಿಯುತ್ತದೆ ಎಂಬುದೇ ಮುಖ್ಯ. ಗೇರ್ ಕರಕರ ಅಂದರೆ ಮೊದಲು ಪೈಪಿನ ಗಾಳಿ ತೆಗೆಸಿ, ಆಮೇಲೆ ಅಳತೆಯ ಮಾತು. ಅರಬೈಲ್ ಘಟ್ಟ ಇಳಿಯುವ ಮುಂಚೆ ಖಾಲಿ ಮೈದಾನದಲ್ಲೊಮ್ಮೆ ಬ್ರೇಕ್ ಪರೀಕ್ಷಿಸಿ.